ಜಗಲಿಯ ಮೇಲೆ ಉಳಿದ ಪ್ರಬಂಧ

ವಿಜಯದಶಮಿಯ ಮರುದಿನ ಬೆಳಿಗ್ಗೆ ಚಿಕ್ಕಜಾಜೂರು ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಚಿತ್ರದುರ್ಗದ ಗಾಡಿಗೆ ಕಾಯುತ್ತ ಕುಳಿತಿದ್ದೆ. ರೈಲ್ವೆಯಿಂದ ನಿವೃತ್ತರಾಗಿ ಆ ಊರಿನಲ್ಲೇ ನೆಲೆಸಿರುವ ಮಿತ್ರರ ಮನೆಯಲ್ಲಿ ಒಂಬತ್ತು ದಿನಗಳ ಪಾರಾಯಣ ನಿರ್ವಿಘ್ನವಾಗಿ ಮುಗಿದಿತ್ತು. ಒಂದು ಅಕ್ಷರವೂ ತಪ್ಪದಂತೆ ಓದಿದೆನೆಂಬ ತೃಪ್ತಿ ನನ್ನಲ್ಲಿ ಇತ್ತು, ಅದನ್ನು ಮರೆಮಾಚಲಾರೆ. ಆಗ ನಡುವಯಸ್ಸಿನ ಹೆಂಗಸೊಬ್ಬಳು ತಲೆಯ ಮೇಲಿನ ಚೀಲವನ್ನು ನನ್ನ ಪಕ್ಕದಲ್ಲಿ ಧೊಪ್ಪನೆ ಇಳಿಸಿ, “ಸ್ವಲ್ಪ ಸರ್ಕಳ್ರಿ ಸ್ವಾಮಿ, ಕಾಲು ಬಿದ್ದೋಗ್ಯಾವೆ,” ಎಂದು ಬೆಂಚಿನ ತುದಿಯಲ್ಲಿ ಕುಳಿತಳು.

ಚೀಲದಲ್ಲಿ ಹೊಸ ಈರುಳ್ಳಿ ಇತ್ತು. ಹೊಲದ ಮಣ್ಣಿನ್ನೂ ಆರದ, ಬಾಲ ಕತ್ತರಿಸಿ ಎರಡು ದಿನವೂ ಆಗದ ಈರುಳ್ಳಿ. ನನ್ನ ಎಪ್ಪತ್ತು ವರ್ಷಗಳ ಬದುಕಿನಲ್ಲಿ ಆ ಪದಾರ್ಥವನ್ನು ಬಾಯಿಗೆ ಹಾಕಿಕೊಂಡವನಲ್ಲ. ನಮ್ಮ ಮನೆಯ ಹೊಸ್ತಿಲನ್ನು ಅದು ದಾಟಿದ್ದಿಲ್ಲ. ಆದರೂ ಜಗತ್ತಿನ ಬೇರೆ ಯಾವ ವಾಸನೆಗೂ ನನ್ನ ಎದೆ ಹಾಗೆ ಕುಸಿಯುವುದಿಲ್ಲ. ಹೆಂಗಸು ನನ್ನ ಮುಖ ನೋಡಿ, “ಯಾಕ್ ಸ್ವಾಮಿ, ವಾಸ್ನೆ ಆಗಾಕಿಲ್ವಾ? ಬೇಕಾರೆ ಆ ಕಡೀಕೆ ಇಡ್ತೀನಿ,” ಎಂದಳು. “ಬೇಡ ತಾಯಿ, ಅಲ್ಲೇ ಇರಲಿ,” ಎಂದೆ. ಈ ಮಾತನ್ನು ನಾನು ಐದು ವರ್ಷಗಳ ಹಿಂದೆ, ಬೇರೊಬ್ಬಳಿಗೆ, ಬೇರೆಯದೇ ಅರ್ಥದಲ್ಲಿ ಹೇಳಿದ್ದೆ.

ಆ ವರ್ಷ ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಕೆಲವು ಕಾಲವಾಗಿತ್ತು. ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಹಳೆಯ ಬೀದಿಯಲ್ಲಿ ನಮ್ಮ ಮನೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನು, ಆಮೇಲೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಭಾಷೆಯನ್ನೇ ಬೋಧಿಸಿ ಹೊಟ್ಟೆ ಹೊರೆದವನು. ಆಷಾಢದ ಗಾಳಿ ಜೋಗಿಮಟ್ಟಿಯ ಕಡೆಯಿಂದ ಬೀಸಿ ಬಾಗಿಲುಗಳನ್ನೆಲ್ಲ ಬಡಿಯುತ್ತಿದ್ದ ಒಂದು ಮಧ್ಯಾಹ್ನ, ಹಿರಿಯೂರಿನ ರಸ್ತೆಯಲ್ಲಿರುವ ಒಂದು ಪದವಿ ಕಾಲೇಜಿನ ಪ್ರಾಂಶುಪಾಲರು ಮನೆಗೆ ಬಂದರು. ಹಿಂದೊಮ್ಮೆ ನನ್ನಲ್ಲೇ ಓದಿದವರು. ನೆಲದ ಮೇಲೆ ಕುಳಿತು ನಮಸ್ಕರಿಸಿ, “ಗುರುಗಳೇ, ಒಂದು ವರ್ಷದ ಮಟ್ಟಿಗೆ ನೀವು ಬರಲೇಬೇಕು,” ಎಂದರು.

ಅವರ ಕಷ್ಟ ನಿಜವಾದದ್ದು. ಅಲ್ಲಿನ ವಿದ್ಯಾರ್ಥಿಗಳೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು; ತುರುವನೂರು, ಭರಮಸಾಗರದ ಸುತ್ತಲಿನ ಹಳ್ಳಿಗಳವರು. ಬಸ್ಸಿನಲ್ಲಿ, ಫೋನಿನಲ್ಲಿ ನಾಲ್ಕು ಇಂಗ್ಲಿಷ್ ಮಾತನ್ನು ಅವರು ಧೈರ್ಯವಾಗಿಯೇ ಆಡಬಲ್ಲರು. ಆದರೆ ಒಂದು ವಿಷಯವನ್ನು ಕುರಿತ ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ಓದಿ, ಅದರಲ್ಲಿ ಏನು ಹೇಳಿದೆ, ಏಕೆ ಹೇಳಿದೆ ಎಂದು ಗ್ರಹಿಸಿ, ತಾವೂ ಎರಡು ಪುಟ ಬರೆಯಬೇಕೆಂದರೆ ಮೆಟ್ಟಿಲಿಲ್ಲದ ಬಂಡೆಯ ಮುಂದೆ ನಿಂತಂತೆ ನಿಲ್ಲುತ್ತಿದ್ದರು. ಓದುವ ಮತ್ತು ಬರೆಯುವ ಈ ಕ್ರಮವನ್ನೇ ಕಲಿಸಲು ಒಂದು ಹೊಸ ಪಠ್ಯ ಬಂದಿತ್ತು. ಅದಕ್ಕೆ ಮೇಷ್ಟ್ರು ಇರಲಿಲ್ಲ. ನಾನು ಒಪ್ಪಿದೆ. ವಿದ್ಯಾದಾನವೆಂದು ಒಪ್ಪಿದೆನೆಂದು ಆಗ ನಂಬಿದ್ದೆ. ಮತ್ತೊಮ್ಮೆ ಕಪ್ಪು ಹಲಗೆಯ ಮುಂದೆ ನಿಲ್ಲುವ ಆಸೆಯೂ ಇತ್ತು.

ನನಗೆ ತಿಳಿದದ್ದು ಒಂದೇ ಕ್ರಮ. ಪಾಠಶಾಲೆಯಲ್ಲಿ ಗುರುಗಳು ಒಂದು ಸಾಲನ್ನು ಒಮ್ಮೆ ಹೇಳಿದರೆ ನಾವು ಎರಡು ಸಲ ಹೇಳಬೇಕಾಗಿತ್ತು. ಇದಕ್ಕೆ ಸಂಥೆ ಎನ್ನುತ್ತಾರೆ. ಸ್ವರ ಕೂಡ ತಪ್ಪಬಾರದು. ಗುರುಮುಖದಿಂದ ಹೇಗೆ ಬಂತೋ ಹಾಗೆಯೇ ಶಿಷ್ಯನ ಬಾಯಿಂದ ಬರಬೇಕು. ನಮ್ಮದೆಂಬುದು ಏನಾದರೂ ಅದರಲ್ಲಿ ಸೇರಿತೆಂದರೆ ಅದು ಅಪಚಾರ. ಇಂಗ್ಲಿಷ್ ಗದ್ಯವನ್ನೂ ನಾನು ಅದೇ ರೀತಿ ಕಲಿಸತೊಡಗಿದೆ. ನಾನೊಂದು ವಾಕ್ಯ ಓದುವೆನು, ತರಗತಿಯೆಲ್ಲ ಎರಡು ಸಲ ಓದುವುದು. ಕಾರಿಡಾರಿನಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹಿಂದಿನ ಬೆಂಚಿನ ತಿಪ್ಪೇಸ್ವಾಮಿ ಎಂಬ ಹುಡುಗ ಪಕ್ಕದವನಿಗೆ, “ಲೇ, ಮಂಗಳಾರ್ತಿ ಯಾವಾಗ್ಲೇ?” ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ನಕ್ಕು ಮುಂದಿನ ವಾಕ್ಯ ಓದಿದ್ದೆ. ಮೂರು ವಾರದಲ್ಲಿ ಅವನ ಉಚ್ಚಾರಣೆಯೇ ಎಲ್ಲರಿಗಿಂತ ಶುದ್ಧವಾಯಿತು.

ಒಂದು ಸಂಗತಿಯನ್ನು ಮಾತ್ರ ನಾನು ಸರಿಯಾಗಿ ಕಲಿಸಿದೆನೆಂದು ಹೇಳಬಹುದು. ಪ್ರತಿಯೊಂದು ಪ್ಯಾರಾಕ್ಕೂ ಒಂದು ಮುಖ್ಯ ವಾಕ್ಯವಿರುತ್ತದೆ, ಉಳಿದವು ಅದನ್ನು ಆತುಕೊಂಡು ನಿಂತಿರುತ್ತವೆ. ಇದನ್ನು ತಿಳಿಸಲು, “ಪ್ಯಾರಾ ಎಂದರೆ ಒಂದು ಮನೆ. ಮೊದಲು ಯಜಮಾನ ಯಾರೆಂದು ಕಂಡುಹಿಡಿಯಿರಿ. ಉಳಿದವರು ಅವನ ಮಾತಿಗೆ ಏನು ಸೇರಿಸುತ್ತಾರೆ ನೋಡಿ,” ಎಂದಿದ್ದೆ. ಆಗ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ನಮ್ಮನೇಲಿ ಯಜಮಾನ ಅಂದ್ರೆ ನಮ್ಮಜ್ಜಿ. ಯಜಮಾನಿ ಅನ್ಬೋದಾ?”

ತರಗತಿ ನಕ್ಕಿತು. “ನಿನ್ನ ಹೆಸರೇನಮ್ಮ?”

“ಕೆಂಚಮ್ಮ ಸಾರ್. ಅಜ್ಜಿ ಹೆಸ್ರೇ ಇಟ್ಟಾರೆ.”

“ಅಜ್ಜಿ ಯಜಮಾನಿಕೆ ಏನು ಮಾಡ್ತಾರೆ?”

“ಎಲ್ರನ್ನೂ ಬೈತೈತೆ ಸಾರ್. ಕುರಿ ಮಾತ್ರ ಬೈಯಲ್ಲ.”

ಮತ್ತೊಮ್ಮೆ ನಗು. “ಯಜಮಾನ ಎಂಬುದೇ ಇರಲಿ, ರೂಢಿಯಲ್ಲಿರುವುದನ್ನು ಬದಲಿಸಬಾರದು,” ಎಂದು ಹೇಳಿ ಕೂರಿಸಿದೆ. ಈಗ ಯೋಚಿಸಿದರೆ ಆ ವರ್ಷವೆಲ್ಲ ನಾನು ಅವಳಿಗೆ ಆಡಿದ್ದು ಆ ಒಂದೇ ಮಾತನ್ನು.

ತುರುವನೂರಿನ ಆಚೆಗಿರುವ ಒಂದು ಹಟ್ಟಿಯವಳು ಕೆಂಚಮ್ಮ. ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಜೊತೆಗೆ ಸ್ವಲ್ಪ ಹೊಲ. ಭಾದ್ರಪದದಲ್ಲಿ ಈರುಳ್ಳಿ ಕೀಳುವ ಕಾಲ ಬಂದಾಗ ಅವಳು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ, ಹೆಂಗಸರ ಸಾಲಿನಲ್ಲಿ ಕುಳಿತು, ಕುಡುಗೋಲನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಈರುಳ್ಳಿಯ ಬಾಲ ಕತ್ತರಿಸಿ, ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದಳು. ಕೈ ಎಷ್ಟು ತೊಳೆದರೂ ಆ ವಾಸನೆ ಹೋಗುವಂಥದ್ದಲ್ಲ. ಅವಳ ನೋಟುಪುಸ್ತಕದ ಪುಟಪುಟಕ್ಕೂ ಅದು ಅಂಟಿರುತ್ತಿತ್ತು.

ನಾನು ಚಾತುರ್ಮಾಸ್ಯದ ನಿಯಮ ಹಿಡಿದವನು. ವಿದ್ಯಾರ್ಥಿಗಳ ಬರಹಗಳನ್ನು ಮನೆಗೆ ತಂದು, ಸ್ನಾನ ಪೂಜೆ ಮುಗಿಸಿ, ದೇವರ ಕೋಣೆಯ ಪಕ್ಕದಲ್ಲಿ ನಮ್ಮ ತಂದೆಯವರ ವ್ಯಾಸಪೀಠದ ಮೇಲಿಟ್ಟು ತಿದ್ದುವುದು ನನ್ನ ಪದ್ಧತಿಯಾಗಿತ್ತು. ಅಕ್ಷರವೂ ಪೂಜೆಯೇ ಎಂಬ ಭಾವ. ಕೆಂಚಮ್ಮನ ಪುಸ್ತಕ ಮಾತ್ರ ಒಳಗೆ ಬರಲಿಲ್ಲ. ಜಗಲಿಯ ಕಲ್ಲಿನ ಮೇಲೆ, ಗಾಳಿಗೆ ಹಾರದಂತೆ ಗುಂಡುಕಲ್ಲಿನ ಕೆಳಗೆ, ಅಲ್ಲೇ ಇರುತ್ತಿತ್ತು. ಹೊರಗೆ ಹೊರಟಾಗ ನಿಂತ ನಿಲುವಿನಲ್ಲಿ ಎರಡು ಪುಟ ತಿರುವಿ ಗುರುತು ಹಾಕುತ್ತಿದ್ದೆ. ನನ್ನ ಪತ್ನಿ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳು.

“ಏನೂಂದ್ರೆ, ಪುಸ್ತಕಕ್ಕೂ ಮಡಿ ಮೈಲಿಗೆಯೇ?”

“ಪುಸ್ತಕಕ್ಕಲ್ಲ. ವಾಸನೆಗೆ.”

“ವಾಸನೆ ಮಗು ಮಾಡಿದ ಕೆಲಸದ್ದು. ಪುಸ್ತಕದಲ್ಲಿರೋದು ಮಗು ಬರೆದದ್ದು. ನೀವು ಓದಬೇಕಾದ್ದು ಎರಡನೇದನ್ನ ಅಲ್ಲವೇ?”

ನಾನು ಪುಸ್ತಕವನ್ನು ಮತ್ತೆ ಗುಂಡುಕಲ್ಲಿನ ಕೆಳಗಿಟ್ಟೆ. ಶಾಸ್ತ್ರದಲ್ಲಿ ಉತ್ತರ ಹುಡುಕಿದ್ದರೆ ಅವಳ ಪರವಾಗಿಯೇ ಸಿಗುತ್ತಿತ್ತೆಂದು ಬಲ್ಲವನಾಗಿದ್ದರಿಂದ ಹುಡುಕಲಿಲ್ಲ.

ನವರಾತ್ರಿಗೆ ಮೊದಲು ಪ್ರಾಂಶುಪಾಲರು ತರಗತಿಗೆ ಬಂದು ಒಂದು ಸುದ್ದಿ ತಿಳಿಸಿದರು. ಹಳ್ಳಿಯ ಶಾಲೆಗಳಿಗೆ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಒಂದು ಸಂಸ್ಥೆ ಮೈಸೂರಿನ ಕಡೆ ಇದೆ. ಒಂದು ವರ್ಷದ ಶಿಕ್ಷಣ. ಊಟ, ವಸತಿ ಅವರದೇ. ನಮ್ಮ ಕಾಲೇಜಿನಿಂದ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಆಸೆಯಿದ್ದವರು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕು. ಗ್ರಂಥಾಲಯದ ಒಂದಾದರೂ ಪುಸ್ತಕವನ್ನು ಓದಿ, ತಾವು ಕಂಡದ್ದನ್ನೂ ಸೇರಿಸಿ ಬರೆಯಬೇಕು. ತರಗತಿ ಮುಗಿದ ಮೇಲೆ ಕೆಂಚಮ್ಮ ನನ್ನ ಮೇಜಿನ ಬಳಿ ಬಂದಳು.

“ಸಾರ್, ನಾನೂ ಬರೀತೀನಿ. ಕಂಬಳಿ ಮ್ಯಾಲೆ. ಉಣ್ಣೆ ಕತ್ತರಿಸೋದ್ರಿಂದ ಹಿಡಿದು ಮಗ್ಗದ ಮಟ.”

“ಬರಿಯಮ್ಮ. ಮನೆಯಲ್ಲಿ ಕಳಿಸುತ್ತಾರೆಯೇ?”

“ಅಜ್ಜಿ ಅಂದೈತೆ, ಸೀಟು ಸಿಕ್ರೆ ಹೋಗು, ನಾನು ನೋಡ್ಕಂತೀನಿ. ಸಿಗ್ಲಿಲ್ಲ ಅಂದ್ರೆ ಕುಡ್ಗೋಲು ಇದ್ದೇ ಐತೆ ಅಂತ.” ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಸಾರ್, ಲೈಬ್ರರೀಲಿ ಒಂದು ಹಳೇ ಪುಸ್ತಕ ಸಿಕ್ಕೈತೆ, ಕಂಬಳಿ ಬಗ್ಗೇನೇ. ಅದ್ರಾಗಿರೋ ಮಾತನ್ನ ನಮ್ ಮಾತಾಗೆ ತಿರುಗಿಸಿ ಬರೀಬೇಕಾ, ಹಂಗೇ ಬರೀಬೇಕಾ?”

ನಮ್ಮ ಪಠ್ಯದ ಕೊನೆಯ ಘಟಕ ಅದನ್ನೇ ಕುರಿತದ್ದು. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದು ಹೇಗೆ, ಇನ್ನೊಬ್ಬರ ಮಾತನ್ನು ಹಾಗೆಯೇ ಎತ್ತಿಕೊಂಡರೆ ಗುರುತು ಹಾಕಿ ಅವರ ಹೆಸರನ್ನು ಎಲ್ಲಿ ಬರೆಯಬೇಕು, ಎಲ್ಲವೂ ಅದರಲ್ಲಿದೆ. ಈ ಮಕ್ಕಳು ಅಷ್ಟು ದೂರ ಬರಲಾರರು, ಮೊದಲು ವಾಕ್ಯ ಬಾಯಿಗೆ ಬರಲಿ ಎಂದು ಆ ಘಟಕವನ್ನು ಮುಂದಕ್ಕೆ ಹಾಕಿದ್ದೆ. ಅಂದು ಸಂಜೆ ನನಗೊಂದು ಪಾರಾಯಣಕ್ಕೆ ಹೋಗಬೇಕಿತ್ತು, ಕೊಡೆ ಕೈಯಲ್ಲಿತ್ತು.

“ದೊಡ್ಡವರು ತೂಗಿ ಆಡಿದ ಮಾತಮ್ಮ ಅದು. ಬದಲಿಸಲು ನಾವು ಯಾರು? ಹಾಗೇ ಇಡು.”

“ಆಯ್ತು ಸಾರ್,” ಎಂದಳು. ಶಿಷ್ಯೆಯ ಮುಖದಲ್ಲಿ ಸಂಶಯವಿತ್ತು. ನಾನು ಅದನ್ನು ಅಜ್ಞಾನವೆಂದು ತಿಳಿದೆ.

ಆ ವರ್ಷ ಚಿತ್ತಾ ಮಳೆ ಬೇಡದ ಹೊತ್ತಿನಲ್ಲಿ ಸುರಿಯಿತು. ಕಿತ್ತಿಟ್ಟ ಈರುಳ್ಳಿ ನೆನೆದು, ಜನ ಮನೆಯ ಅಂಗಳ, ಶಾಲೆಯ ಜಗಲಿ, ಗುಡಿಯ ಪ್ರಾಕಾರ ಎನ್ನದೆ ಹರವಿ ಆರಿಸುತ್ತಿದ್ದರು. ಅಂಥ ಒಂದು ಭಾನುವಾರ ಕೆಂಚಮ್ಮ ನಮ್ಮ ಮನೆಗೇ ಬಂದಳು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಅದರೊಳಗೆ ಎದೆಗೆ ಅವಚಿಕೊಂಡ ಪ್ರಬಂಧದ ಕರಡು. ತಾನು ನೆನೆದಿದ್ದಳು, ಕಾಗದ ನೆನೆದಿರಲಿಲ್ಲ.

ನಾನು ಮಡಿಯಲ್ಲಿದ್ದೆ. ಬಾಗಿಲ ಒಳಗಿನಿಂದಲೇ ಹೇಳಿದೆ: “ಅಲ್ಲೇ ಇರಲಿ ತಾಯಿ, ಜಗಲಿಯ ಮೇಲಿಡು.”

“ಒಳಗೆ ಒಂದು ಪ್ರಶ್ನೆ ಬರ್ದಿದೀನಿ ಸಾರ್. ನೋಡಿ ಹೇಳ್ರಿ. ಅದ್ಕೆ ಉತ್ತರ ಸಿಕ್ಮೇಲೆ ಟೈಪ್ ಮಾಡಿಸ್ತೀನಿ.”

“ಆಗಲಿ.”

ಪತ್ನಿ ಒಳಗಿನಿಂದ ಬಂದು, “ನೆಂದೀಯಲ್ಲಮ್ಮ, ಕೂತ್ಕೋ, ಬಿಸಿ ಹಾಲು ಕೊಡ್ತೀನಿ,” ಎಂದಳು. “ಬ್ಯಾಡಮ್ಮಾರೆ, ಬಸ್ಸು ಹೋತದೆ,” ಎಂದು ಅವಳು ಮಳೆಯಲ್ಲೇ ಓಡಿದಳು.

ಕರಡು ನಾಲ್ಕು ದಿನ ಗುಂಡುಕಲ್ಲಿನ ಕೆಳಗಿತ್ತು. ಒಳಗೆ ತರಬೇಕೆಂದು ಎರಡು ಸಲ ಕೈ ಚಾಚಿದೆ. ಮಳೆಯ ತೇವಕ್ಕೆ ವಾಸನೆ ಮತ್ತೂ ಕಟುವಾಗಿತ್ತು. ಐದನೆಯ ದಿನ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಕೊನೆಯ ಪುಟ ಒಂದನ್ನೇ ಎತ್ತಿ, ಕೆಂಪು ಮಸಿಯಲ್ಲಿ ‘ಓದಿದ್ದೇನೆ, ಸರಿಯಾಗಿದೆ’ ಎಂದು ಬರೆದು ನನ್ನ ಮೊಹರಿನಂಥ ಚಿಕ್ಕ ಸಹಿ ಹಾಕಿದೆ. ಅವಳ ಕೈಗೆ ಕೊಟ್ಟಾಗ ಅವಳು ಪುಟ ತಿರುವಿ ಎರಡನೆಯ ಹಾಳೆಯನ್ನು ಹುಡುಕಿದಳು. ಅಲ್ಲಿ ಏನೂ ಇಲ್ಲದ್ದನ್ನು ನೋಡಿದಳು, ಕೊನೆಯ ಪುಟ ನೋಡಿದಳು. “ಹಂಗಾರೆ ಸರಿ ಐತಾ ಸಾರ್?” ಎಂದಳು. “ಬರೆದಿದ್ದೇನಲ್ಲಮ್ಮ,” ಎಂದೆ.

ಮಾರ್ಗಶಿರದ ಚಳಿಯಲ್ಲಿ ಆ ಸಂಸ್ಥೆಯಿಂದ ಪ್ರಬಂಧ ಹಿಂತಿರುಗಿತು. ನನ್ನನ್ನು ಪ್ರಾಂಶುಪಾಲರ ಕೋಣೆಗೆ ಕರೆದರು. ಮೇಜಿನ ಮೇಲೆ ಹಾಳೆಗಳನ್ನು ಹರಡಿದ್ದರು. ಅರ್ಧಕ್ಕಿಂತ ಹೆಚ್ಚು ಸಾಲುಗಳ ಮೇಲೆ ಕೆಂಪು ಬಣ್ಣ. ನಕಲು ಹುಡುಕುವ ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದರಂತೆ. ಆ ಸಾಲುಗಳೆಲ್ಲ ಒಂದು ಹಳೆಯ ಪುಸ್ತಕದವು, ಪುಸ್ತಕದ ಹೆಸರನ್ನು ಎಲ್ಲಿಯೂ ಹೇಳಿಲ್ಲ. ಆದರೆ ಪತ್ರ ಬರೆದವರು ಕರುಣೆಯುಳ್ಳವರು. ಕೆಂಪಿಲ್ಲದ ಭಾಗ ತುಂಬ ಚೆನ್ನಾಗಿದೆಯೆಂದೂ, ಇನ್ನೊಬ್ಬರ ಮಾತನ್ನು ಬಳಸುವ ನಿಯಮವನ್ನು ಈ ವಿದ್ಯಾರ್ಥಿನಿಗೆ ತರಗತಿಯಲ್ಲಿ ಕಲಿಸಿಲ್ಲವಾದರೆ ಕಾಲೇಜು ಹಾಗೆಂದು ತಿಳಿಸಲಿ, ತಿದ್ದಿ ಬರೆಯಲು ಅವಕಾಶ ಕೊಡುತ್ತೇವೆಂದೂ ಬರೆದಿದ್ದರು. ಕಲಿಸಿದ ಮೇಲೂ ಮಾಡಿದ್ದರೆ ಅದು ಕಳ್ಳತನ, ಸೀಟು ಇಲ್ಲ.

ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಾರರು.

ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. ಕೈ ಜೋಡಿಸಿಕೊಂಡೇ ಕೇಳಿದರು: “ಗುರುಗಳೇ, ನಿಮ್ಮನ್ನ ಕೇಳೋದೇ ತಪ್ಪು. ಆದ್ರೂ ಪತ್ರಕ್ಕೆ ಉತ್ತರ ಬರೀಬೇಕಲ್ಲ. ಈ ನಿಯಮ ನೀವು ಹೇಳಿಕೊಟ್ಟಿದ್ದೀರಿ ತಾನೆ?”

ಕೋಣೆಯಲ್ಲಿ ಗ್ರಂಥಪಾಲಕರಿದ್ದರು. ಬಾಗಿಲ ಬಳಿ ಕೆಂಚಮ್ಮ ನಿಂತಿದ್ದಳು, ಹೆಗಲಿಗೆ ಬಟ್ಟೆಯ ಚೀಲ. ನನ್ನ ಹಳೆಯ ಶಿಷ್ಯನ ಕಣ್ಣಿನಲ್ಲಿದ್ದ ಭಕ್ತಿಯನ್ನು ನೋಡಿದೆ. ಆ ಭಕ್ತಿ ಒಂದು ಕ್ಷಣ ಅಲುಗಾಡುವುದನ್ನೂ ನಾನು ಸಹಿಸಲಾರದೆ ಹೋದೆ. ಸುಳ್ಳು ಹೇಳುವುದು ನನ್ನ ನಿಷ್ಠೆಗೆ ವಿರುದ್ಧ. ಜೀವಮಾನದಲ್ಲಿ ನಾಲಿಗೆಯನ್ನು ಕಾಯ್ದುಕೊಂಡು ಬಂದವನು. ಹೀಗಾಗಿ ಸುಳ್ಳಲ್ಲದ ಒಂದು ವಾಕ್ಯವನ್ನು ಆರಿಸಿಕೊಂಡೆ.

“ಆ ಘಟಕ ಪಠ್ಯದಲ್ಲಿಯೇ ಇದೆ,” ಎಂದೆ.

“ಅದೇ, ನಂಗೊತ್ತಿತ್ತು,” ಎಂದು ಅವರು ಕೆಂಚಮ್ಮನ ಕಡೆ ತಿರುಗಿದರು. “ಏನಮ್ಮ, ಮೇಷ್ಟ್ರು ಹೇಳಿಕೊಟ್ಟಮೇಲೂ ಹಿಂಗ್ ಮಾಡಿದ್ಯಲ್ಲ? ಯಾರಾದ್ರೂ ಹಿಂಗೇ ಬರಿ ಅಂತ ಹೇಳಿದ್ರಾ?”

ಅವಳ ಕೈ ಹೆಗಲ ಚೀಲದೊಳಗೆ ಹೋಯಿತು. ಕಾಗದ ಸರಿದ ಸದ್ದು ಕೇಳಿಸಿತು. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ಹೇಗೆ ನೋಡುತ್ತಿದ್ದಳೋ ಹಾಗೆಯೇ ನೋಡಿದಳು. ನಾನು ಮೇಜಿನ ಮೇಲಿನ ಹಾಳೆಗಳ ಕಡೆ ಕಣ್ಣಿಳಿಸಿದೆ. ಚೀಲದಿಂದ ಕೈ ಬರಿದಾಗಿ ಹೊರಗೆ ಬಂತು.

“ಯಾರೂ ಇಲ್ಲ ಸಾರ್. ನಂಗೇ ತಿಳೀಲಿಲ್ಲ.”

ಪ್ರಾಂಶುಪಾಲರು ಪತ್ರಕ್ಕೆ ಉತ್ತರ ಬರೆಸಿದರು. ಅದು ಹತ್ತು ನಿಮಿಷದ ಕೆಲಸ. ನಾನು ಹೊರಗೆ ಬಂದಾಗ ಕಾಲೇಜಿನ ಮೆಟ್ಟಿಲಿನ ಮೇಲೆ ಅವಳು ಕಾಯುತ್ತಿದ್ದಳು. ಬೇವಿನ ಮರದ ಕೆಳಗೆ ತಿಪ್ಪೇಸ್ವಾಮಿ ಮತ್ತು ನಾಲ್ವರು ನಿಂತಿದ್ದರು. “ಏನಾತೇ ಕೆಂಚಿ? ಮೈಸೂರಿಗೆ ಯಾವಾಗ ಹೋಗಾಣ?” ಎಂದು ಅವನು ಕೂಗಿ ಕೇಳಿದ. ಅವಳು ಅವನ ಕಡೆ ತಲೆಯಾಡಿಸಿ, ಚೀಲದಿಂದ ಕರಡನ್ನು ತೆಗೆದು ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು.

“ಇದು ನಿಮ್ಹತ್ರಾನೇ ಇರ್ಲಿ ಸಾರ್. ನಮ್ಮನೇಲಿದ್ರೆ ಯಾರಾದ್ರೂ ಓದ್ತಾರೆ.”

ಅಂದು ಮೊದಲ ಬಾರಿ ಆ ಹಾಳೆಗಳನ್ನು ನಾನು ಕೈಯಿಂದ ಕೈಗೆ ತೆಗೆದುಕೊಂಡೆ. ಅವಳು ಬಾಗಿ ನನ್ನ ಕಾಲು ಮುಟ್ಟಿ, ಮೆಟ್ಟಿಲಿಳಿದು ಹೋದಳು. ಆ ನಮಸ್ಕಾರವನ್ನು ತಡೆಯುವ ಯೋಗ್ಯತೆಯಾದರೂ ನನಗಿರಬೇಕಾಗಿತ್ತು. ಪರೀಕ್ಷೆಗೆ ಬಂದಳು, ಪಾಸಾದಳು ಎಂದು ಕೇಳಿದೆ. ನಾನು ಮಾತ್ರ ಸಂಕ್ರಾಂತಿಯ ನಂತರ ಆರೋಗ್ಯದ ನೆಪ ಹೇಳಿ ಆ ಕಾಲೇಜಿಗೆ ಹೋಗುವುದನ್ನು ಬಿಟ್ಟೆ.

ಮನೆಗೆ ತಂದ ಆ ಕರಡನ್ನು ಜಗಲಿಯ ಕಲ್ಲಿನ ಮೇಲೆ ಕುಳಿತು ಓದಿದೆ. ಒಳಗೆ ಒಯ್ಯಲು ಈಗ ಅಡ್ಡಿಯಾದದ್ದು ವಾಸನೆಯಲ್ಲ. ಪುಸ್ತಕದಿಂದ ತೆಗೆದ ಪ್ರತಿಯೊಂದು ಸಾಲಿನ ಕೆಳಗೂ ಅವಳು ಸೀಸದ ಕಡ್ಡಿಯಲ್ಲಿ ಗೆರೆ ಎಳೆದಿದ್ದಳು; ಒಂದನ್ನೂ ಬಿಟ್ಟಿರಲಿಲ್ಲ. ಎರಡನೆಯ ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಹೀಗೆ ಬರೆದಿದ್ದಳು: ‘ಸಾರ್, ಗೆರೆ ಹಾಕಿರುವುದು ಪುಸ್ತಕದ ಮಾತು. ನೀವು ಹೇಳಿದ ಹಾಗೆ ಹಾಗೇ ಇಟ್ಟಿದ್ದೇನೆ. ಆದರೆ ಓದಿದವರು ನನ್ನ ಮಾತು ಅಂದುಕೊಳ್ಳುವುದಿಲ್ಲವಾ? ಪುಸ್ತಕದ ಹೆಸರು ಎಲ್ಲಿ ಬರೆಯಬೇಕು?’

ನಾನು ಕಲಿಸದೆ ಬಿಟ್ಟ ಘಟಕವನ್ನು ಅವಳು ತನ್ನ ಆತ್ಮಸಾಕ್ಷಿಯಿಂದಲೇ ತಲುಪಿ ಬಾಗಿಲು ತಟ್ಟಿದ್ದಳು.

ಗೆರೆಯಿಲ್ಲದ ಸಾಲುಗಳೂ ಇದ್ದವು. ಇಂಗ್ಲಿಷ್ ಅಲ್ಲಲ್ಲಿ ಕುಂಟುತ್ತಿತ್ತು. ಅಜ್ಜಿಗೆ ಕಣ್ಣು ಮಂಜಾದ ಮೇಲೆ ಕುರಿಗಳನ್ನು ಕೆಮ್ಮಿನಿಂದ ಗುರುತಿಸುತ್ತಾಳೆ ಎಂದಿತ್ತು. ಮೊದಲ ಸಲ ಉಣ್ಣೆ ಕತ್ತರಿಸಿಕೊಂಡ ಮರಿ ತನ್ನ ಮೈಯನ್ನೇ ಮೂಸಿ ನೋಡಿಕೊಂಡು, ಇದು ತಾನೇ ಹೌದೋ ಅಲ್ಲವೋ ಎಂದು ತಾಯಿಯನ್ನು ಹುಡುಕುತ್ತದೆ ಎಂದಿತ್ತು. ಮೂವತ್ತು ವರ್ಷ ಬೋಧಿಸಿದ ನನಗೆ ಯಾವ ವಿದ್ಯಾರ್ಥಿಯೂ ಅಂಥ ವಾಕ್ಯವನ್ನು ಬರೆದುಕೊಟ್ಟಿರಲಿಲ್ಲ. ಅದರ ಕೆಳಗೆ ನಾಲ್ಕು ಹಾಳೆ ದಾಟಿ ನನ್ನ ಕೆಂಪು ಅಕ್ಷರ: ಓದಿದ್ದೇನೆ, ಸರಿಯಾಗಿದೆ. ಪ್ರಾಂಶುಪಾಲರ ಕೋಣೆಯಲ್ಲಿ ನಾನು ನಾಲಿಗೆಯನ್ನು ಸುಳ್ಳಿನಿಂದ ಕಾಪಾಡಿಕೊಂಡೆನಲ್ಲ, ಆ ಸುಳ್ಳನ್ನು ಅದಕ್ಕೆ ಎಷ್ಟೋ ಮೊದಲೇ ಕೈಯಿಂದ ಬರೆದು ಮುಗಿಸಿದ್ದೆ.

ಪತ್ನಿಗೆ ಎಲ್ಲವನ್ನೂ ಹೇಳಿದೆ. ಅವಳು, “ನಾಳೆ ಬೆಳಿಗ್ಗೆ ಹೋಗಿ ಪ್ರಾಂಶುಪಾಲರಿಗೆ ಹೇಳಿಬನ್ನಿ,” ಎಂದಳು. ಹೋಗುತ್ತೇನೆಂದೆ. ಮರುದಿನ ಏಕಾದಶಿ, ಅದರ ಮರುದಿನ ಪಾರಣೆ, ಆಮೇಲೆ ಧನುರ್ಮಾಸದ ಪೂಜೆ. ದೇವರ ಕೆಲಸದ ಮರೆಯಲ್ಲಿ ಅಡಗಲು ನನ್ನಂಥವನಿಗೆ ಎಷ್ಟು ಜಾಗ! ಆ ಸೀಟು ಬೇರೊಂದು ಕಾಲೇಜಿಗೆ ಹೋಯಿತೆಂಬ ಸುದ್ದಿ ಬಂದ ಮೇಲೆ, ಈಗ ಹೇಳಿ ಏನು ಪ್ರಯೋಜನವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಪತ್ನಿ ಮತ್ತೆ ಕೇಳಲಿಲ್ಲ. ಅವಳು ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ಕೇಳಲಿಲ್ಲ.

ಇದಿಷ್ಟೂ ಆ ಕಲ್ಲುಬೆಂಚಿನ ಮೇಲೆ, ಈರುಳ್ಳಿ ಚೀಲದ ಪಕ್ಕದಲ್ಲಿ ಕುಳಿತಾಗ ಕಣ್ಣ ಮುಂದೆ ಹಾದುಹೋಯಿತು. ಗಾಡಿ ತಡವೆಂದು ಧ್ವನಿವರ್ಧಕ ಹೇಳಿತು. ಅಷ್ಟರಲ್ಲಿ ಇಬ್ಬರು ಹುಡುಗಿಯರು ಬಂದು ನಮ್ಮೆದುರು ನೆಲದ ಮೇಲೆಯೇ ಕುಳಿತು ಒಂದು ಇಂಗ್ಲಿಷ್ ಹಾಳೆಯನ್ನು ಹರಡಿಕೊಂಡರು. ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು: “ಸುಮ್ನೆ ಓದ್ಬ್ಯಾಡ ಕಣೇ. ಈ ಪ್ಯಾರಾದ ಯಜಮಾನಿ ಎಲ್ಲವ್ಳೆ, ಮೊದ್ಲು ಹುಡ್ಕು.”

ಈರುಳ್ಳಿ ಚೀಲದ ಹೆಂಗಸು ಕಿವಿ ನಿಮಿರಿಸಿದಳು. “ಯಾರ ಮನೆ ಯಜಮಾನಿ? ಕಳ್ದೋಗ್ಯಾಳೇನೇ?”

“ಅಯ್ಯೋ ಅತ್ತೆ, ಪ್ಯಾರಾದ ಯಜಮಾನಿ! ಇಂಗ್ಲಿಷ್ ಪಾಠ.”

“ಇಂಗ್ಲಿಷ್‌ನಾಗೂ ಯಜಮಾನಿ ಇರ್ತಾಳೇನು? ಅಲ್ಲೂ ಆಕೀಗೇ ಕೆಲ್ಸ!”

ಹುಡುಗಿಯರು ಬಿದ್ದುಬಿದ್ದು ನಕ್ಕರು. “ಇದನ್ನು ಯಾರಮ್ಮ ಹೇಳಿಕೊಟ್ಟದ್ದು?” ಎಂದು ಕೇಳಿದೆ.

“ನಮ್ ಕೆಂಚಮ್ಮ ಮಿಸ್ ರೀ. ಹೊಳಲ್ಕೆರೆ ಹೈಸ್ಕೂಲಾಗೆ ಗೆಸ್ಟ್ ಟೀಚರ್ ಅವ್ರೆ. ಶನಿವಾರ ಭಾನುವಾರ ಇಲ್ಲಿ ರೈಲ್ವೆ ಕ್ವಾರ್ಟರ್ಸ್ ಹಿಂದ್ಗಡೆ ರೂಮಾಗೆ ನಮಿಗೆ ಪಾಠ ಮಾಡ್ತಾರೆ. ಹೊಲದ ಕೆಲ್ಸ ಮಾಡ್ಕಂತಾನೇ ಬಿ.ಎಡ್. ಓದಿದ್ರಂತೆ.”

“ಯಜಮಾನಿ ಎಂಬ ಮಾತು ಅವರದೇ?”

“ಇಲ್ರಿ. ಮೊದ್ಲ ದಿನಾನೇ ಹೇಳಿದ್ರು. ಇದು ನನ್ ಮಾತಲ್ಲ, ದುರ್ಗದಾಗೆ ನಮ್ ಮೇಷ್ಟ್ರು ಇದ್ರು, ಅವ್ರ ಮಾತು. ಅವ್ರು ಯಜಮಾನ ಅಂತಿದ್ರು, ನಾನು ಯಜಮಾನಿ ಅಂತ ತಿದ್ದೀನಿ, ಅಷ್ಟೇ ನಂದು. ತಗಂಡಿದ್ದು ಯಾರಿಂದ, ತಿದ್ದಿದ್ದು ಎಷ್ಟು, ಎರಡೂ ಹೇಳ್ಬೇಕು ಅಂತಾರೆ. ನೋಡ್ರಿ, ಇಲ್ಲೇ ಕೆಳ್ಗೆ ಹಾಕಾರೆ.”

ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಪುಟದ ತಳದಲ್ಲಿ ಚಿಕ್ಕ ಅಕ್ಷರಗಳಲ್ಲಿ ನನ್ನ ಹೆಸರು ಇತ್ತು. ತಂದೆಯ ಹೆಸರಿನ ಮೊದಲಕ್ಷರ ಸಹಿತ, ಒಂದು ಅಕ್ಷರವೂ ತಪ್ಪದಂತೆ. ನನ್ನ ಒಂದು ಒಳ್ಳೆಯ ಮಾತಿಗೆ ಅವಳು ನನ್ನ ಹೆಸರನ್ನು ಬರೆದಿದ್ದಳು. ಅವಳನ್ನು ಕಳ್ಳಿಯನ್ನಾಗಿ ಮಾಡಿದ ಇನ್ನೊಂದು ಮಾತಿಗೆ ನನ್ನ ಹೆಸರನ್ನು ಯಾರ ಮುಂದೆಯೂ ಹೇಳಿರಲಿಲ್ಲ.

“ನಿಮಿಗೆ ಗೊತ್ತೇನ್ರಿ ಆ ಮೇಷ್ಟ್ರು?” ಹುಡುಗಿ ಕೇಳಿದಳು. “ಗೊತ್ತಿದ್ರೆ ಮಿಸ್ಸಿಗೆ ಹೇಳ್ತೀವಿ. ಖುಷಿ ಪಡ್ತಾರೆ.”

ಒಂಬತ್ತು ದಿನ ಪಾರಾಯಣ ಮಾಡಿದ ನಾಲಿಗೆ. “ಆ ಹೆಸರನ್ನು ಕೇಳಿದ್ದೇನೆ,” ಎಂದೆ.

ಅದೂ ಸುಳ್ಳಲ್ಲ.

ಗಾಡಿ ಬಂತು. ಅಮೃತಾಪುರ, ಹೊಳಲ್ಕೆರೆ ಕಳೆದು ದುರ್ಗದ ಬಂಡೆಗಳು ಕಾಣುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದೆ. ಮನೆಗೆ ಬಂದು ಕೈಕಾಲು ತೊಳೆದು, ಪೆಟ್ಟಿಗೆಯ ತಳದಲ್ಲಿ ಐದು ವರ್ಷ ಇಟ್ಟಿದ್ದ ಆ ಕರಡನ್ನು ತೆಗೆದೆ. ತಂದೆಯವರ ವ್ಯಾಸಪೀಠವನ್ನು ಒರೆಸಿ ಅದರ ಮೇಲಿಟ್ಟು, ಎರಡನೆಯ ಹಾಳೆಯ ಅಂಚಿನಲ್ಲಿ, ಅವಳ ಪ್ರಶ್ನೆಯ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಉತ್ತರ ಬರೆದೆ:

‘ಕೆಂಚಮ್ಮ, ಓದಿದವರು ನಿನ್ನ ಮಾತೆಂದೇ ತಿಳಿಯುತ್ತಾರೆ, ನಿನ್ನ ಸಂಶಯ ಸರಿಯಾದದ್ದು. ಎತ್ತಿಕೊಂಡ ಮಾತು ಮುಗಿದ ಕೂಡಲೇ, ಅದರ ಪಕ್ಕದಲ್ಲಿಯೇ, ಅದು ಯಾರದೆಂದು ಬರೆಯಬೇಕು. ಹಾಗೇ ಇಡು ಎಂಬ ಮಾತು ನನ್ನದು. ಓದಿದ್ದೇನೆ ಎಂದು ಬರೆದದ್ದೂ ನಾನು, ಆಗ ಓದಿರಲಿಲ್ಲ.’

ಅದರ ಕೆಳಗೆ ಚಿಕ್ಕ ಸಹಿಯ ಬದಲು ಪೂರ್ತಿ ಹೆಸರನ್ನು ಬರೆದೆ. ಇದೇ ಮಾತುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ಆ ಕಾಲೇಜಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕರಡನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಚಿಕ್ಕಜಾಜೂರಿಗೆ ಹೋಗಿ, ಕ್ವಾರ್ಟರ್ಸಿನ ಹಿಂದಿನ ಆ ಕೋಣೆಯ ಹೊರಗೆ ನಿಂತು, ಅವಳು ಒಳಗೆ ಬನ್ನಿ ಎಂದರೆ ಹೋಗಿ, ಅವಳ ವಿದ್ಯಾರ್ಥಿನಿಯರ ಎದುರಿನಲ್ಲೇ ಓದಿ ಹೇಳಿ ಅವಳ ಕೈಗೆ ಕೊಡಬೇಕು. ಕಳೆದುಹೋದ ವರ್ಷಗಳನ್ನು ಅದು ಹಿಂದಕ್ಕೆ ಕೊಡುವುದಿಲ್ಲವೆಂದು ಬಲ್ಲೆ.

ಹಾಳೆಗಳನ್ನು ಮಡಿಸುವ ಮೊದಲು ಮುಖದ ಹತ್ತಿರ ಹಿಡಿದು ಮೂಸಿ ನೋಡಿದೆ. ಹಳೆಯ ಕಾಗದದ ವಾಸನೆ, ಪೆಟ್ಟಿಗೆಯೊಳಗಿನ ಕರ್ಪೂರದ ವಾಸನೆ. ಈರುಳ್ಳಿಯದು ಎಂದೋ ಹೋಗಿತ್ತು.